ಬಾರ್‌ಕೋಡ್ ಇಲ್ಲದ ಸಂತರು

ನಾನು ಕೆಲಸ ಮಾಡುವುದು ಅಮೆರಿಕದ ಒಂದು ಹಳೇ ಪುಸ್ತಕದ ಗೋದಾಮಿನಲ್ಲಿ. ಮನೆ ಖಾಲಿ ಮಾಡುವವರು, ಮುಚ್ಚಿಹೋದ ಶಾಲೆಯವರು ಡಬ್ಬಗಟ್ಟಲೆ ಪುಸ್ತಕ ಕಳಿಸುತ್ತಾರೆ. ಅದನ್ನು ಒಡೆದು, ಬೆಲೆ ಹಾಕಿ, ಆನ್‌ಲೈನ್ ಮಾರಾಟಕ್ಕೆ ಏರಿಸುವುದು ನನ್ನ ಕೆಲಸ. ಸೇರಿದ ದಿನ ಹೇಳಿಕೊಟ್ಟಿದ್ದು ಇಷ್ಟೇ. ಸ್ಕ್ಯಾನರ್ ಬೀಪ್ ಅಂದರೆ ಬೆಲೆ ನೋಡು, ಅನ್ನದಿದ್ದರೆ ರದ್ದಿ ಗಾಡಿಗೆ ಹಾಕು.

ಎರಡನೇ ತಿಂಗಳಲ್ಲಿ ಒಂದು ಚರ್ಚ್ ಶಾಲೆಯ ಲೈಬ್ರರಿಯಿಂದ ಡಬ್ಬ ಬಂತು. ತೆಳ್ಳಗಿನ ಗಟ್ಟಿ ರಟ್ಟಿನ ಪುಸ್ತಕಗಳು, ಬಣ್ಣ ಮಾಸಿದ ಹೊದಿಕೆ. ಒಂದರ ಮೇಲೆ ಹಡಗು, ಇನ್ನೊಂದರ ಮೇಲೆ ಗುಲಾಬಿ ಹಿಡಿದ ಸನ್ಯಾಸಿನಿ. ಎಲ್ಲಾ ಮಕ್ಕಳಿಗೆ ಬರೆದ ಕ್ಯಾಥೊಲಿಕ್ ಸಂತರ ಕಥೆಗಳು. ಒಂದೂ ಬೀಪ್ ಅನ್ನಲಿಲ್ಲ. ನಾನು ಇಡೀ ಡಬ್ಬವನ್ನೇ ಗಾಡಿಗೆ ಸುರಿದೆ. ನಮ್ಮಲ್ಲಿ ರಿಟೈರ್ಡ್ ಟೀಚರ್ ಒಬ್ಬರು ಕೆಲಸ ಮಾಡುತ್ತಾರೆ. ಅವರು ಓಡಿ ಬಂದು ಒಂದೊಂದನ್ನೂ ವಾಪಸ್ ಎತ್ತಿಟ್ಟರು. "ಇವು 1950ರ ದಶಕದವು. ಪುಸ್ತಕಕ್ಕೊಂದು ನಂಬರ್ ಕೊಡುವ ಐಎಸ್‌ಬಿಎನ್ ಅಂತರರಾಷ್ಟ್ರೀಯ ಪದ್ಧತಿ ಆಗಿದ್ದೇ 1970ರಲ್ಲಿ. ಇವಕ್ಕೆ ಬಾರ್‌ಕೋಡ್ ಎಲ್ಲಿಂದ ಬರಬೇಕು?" ಅಂದರು. ಆ ದಿನ ರದ್ದಿಗೆ ಹೋಗಬೇಕಿದ್ದ ಡಬ್ಬ ಆಮೇಲೆ ಎರಡೇ ವಾರದಲ್ಲಿ ಖಾಲಿಯಾಯಿತು.

ಯಾರು ಕೊಳ್ಳುತ್ತಾರೆ ಅಂತ ನನಗೂ ಆಶ್ಚರ್ಯ ಆಗಿತ್ತು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುವ ಕ್ಯಾಥೊಲಿಕ್ ಕುಟುಂಬಗಳು ಇಲ್ಲಿ ಬೇಕಾದಷ್ಟಿವೆ. ಅವರಿಗೆ ಈ ಹಳೇ ಪುಸ್ತಕಗಳೆಂದರೆ ಪ್ರಾಣ. ನ್ಯೂಯಾರ್ಕಿನ ಫರಾರ್, ಸ್ಟ್ರಾಸ್ ಆ್ಯಂಡ್ ಕಡಹಿ ಪ್ರಕಾಶನ 1955ರಲ್ಲಿ ‘ವಿಷನ್ ಬುಕ್ಸ್’ ಅಂತ ಒಂದು ಮಾಲೆ ಶುರುಮಾಡಿತ್ತು. ಅದಕ್ಕೂ ಮೊದಲು, 1940ರ ದಶಕದಲ್ಲಿ, ಮೇರಿ ಫೇಬಿಯನ್ ವಿಂಡೆಟ್ ಅನ್ನುವವರು ಒಂದರ ಹಿಂದೆ ಒಂದು ಸಂತರ ಕಥೆ ಬರೆದರು. ಆಮೇಲೆ ಚರ್ಚೇ ಬದಲಾಯಿತು, ಶಾಲೆಗಳು ಮುಚ್ಚಿದವು, ಪುಸ್ತಕಗಳು ಅಟ್ಟ ಸೇರಿದವು. ವಿಷನ್ ಬುಕ್ಸ್‌ನ ಎಷ್ಟೋ ಕಥೆಗಳನ್ನು ಇಗ್ನೇಷಿಯಸ್ ಪ್ರೆಸ್ ಮತ್ತೆ ಅಚ್ಚು ಹಾಕಿದೆ, ವಿಂಡೆಟ್ ಅವರವನ್ನು ಟ್ಯಾನ್ ಬುಕ್ಸ್. ಆದರೂ ಅಜ್ಜಿ ಓದಿದ ಅದೇ ರಟ್ಟಿನ ಪ್ರತಿಯೇ ಬೇಕು ಅನ್ನುವವರು ಜಾಸ್ತಿ.

ಇಷ್ಟು ತಿಳಿದ ಮೇಲೆ ನನಗೆ ಸ್ವಲ್ಪ ಜಂಬ ಬಂತು. ದೊಡ್ಡ ತಪ್ಪು ಆಗಿದ್ದು ಆಮೇಲೆ.

ವಿಂಡೆಟ್ ಅವರದೇ ಒಂದು ಪುಸ್ತಕ ಸಿಕ್ಕಿತು. 1942ರದು, ಶೀಡ್ ಆ್ಯಂಡ್ ವಾರ್ಡ್ ಪ್ರಕಾಶನ. ಹೆಸರು ‘ಲ್ಯಾಡ್ ಆಫ್ ಲೀಮಾ: ದ ಸ್ಟೋರಿ ಆಫ್ ಬ್ಲೆಸ್ಡ್ ಮಾರ್ಟಿನ್ ಡಿ ಪೋರಸ್’. ಪೆರುವಿನ ಲೀಮಾದಲ್ಲಿ 1579ರಲ್ಲಿ ಹುಟ್ಟಿದವನು ಮಾರ್ಟಿನ್. ಅಪ್ಪ ಸ್ಪೇನಿನವ, ಅಮ್ಮ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಹೆಂಗಸು. ಕ್ಷೌರಿಕನ ಹತ್ತಿರ ಕೆಲಸ ಕಲಿತ. ಆಗ ಕ್ಷೌರಿಕರೇ ಗಾಯಕ್ಕೆ ಔಷಧಿ ಹಚ್ಚುತ್ತಿದ್ದರಲ್ಲ, ಹಾಗೆ ವೈದ್ಯನೂ ಆದ. ಡೊಮಿನಿಕನ್ ಮಠದಲ್ಲಿ ಕಸ ಗುಡಿಸುತ್ತಾ, ರೋಗಿಗಳನ್ನು ನೋಡಿಕೊಳ್ಳುತ್ತಾ ಬದುಕಿದ. ಚಿತ್ರದಲ್ಲಿ ಅವನ ಕೈಯಲ್ಲಿ ಪೊರಕೆ ಇರುತ್ತದೆ, ಕಾಲ ಬಳಿ ಇಲಿಗಳು. ನಾನು ಗೂಗಲ್ ಮಾಡಿದೆ. ಎಲ್ಲಾ ಕಡೆ ‘ಸೇಂಟ್ ಮಾರ್ಟಿನ್’ ಅಂತ ಇತ್ತು. ‘ಬ್ಲೆಸ್ಡ್’ ಅನ್ನುವುದು ಸುಮ್ನೆ ಹಳೇ ಕಾಲದ ಮಾತಿರಬೇಕು, ಜನ ಹುಡುಕುವುದು ‘ಸೇಂಟ್’ ಅಂತಲೇ ಅಲ್ವಾ ಅಂದುಕೊಂಡು ಲಿಸ್ಟಿಂಗ್‌ನಲ್ಲಿ ಹೆಸರು ತಿದ್ದಿಬಿಟ್ಟೆ. ಪುಸ್ತಕ ಮಾರಾಟವಾಯಿತು. ಹತ್ತು ದಿನಕ್ಕೆ ವಾಪಸ್ ಬಂತು. ಕೊಂಡವರು ಬೈದಿರಲಿಲ್ಲ, ಆದರೆ ಕಾಗದ ಖಾರವಾಗಿಯೇ ಇತ್ತು. ಅವರು ಕೇಳಿದ್ದು ಆಮೇಲಿನ, ‘ಸೇಂಟ್’ ಅಂತ ಹೆಸರಿರುವ ಆವೃತ್ತಿ. ನಾನು ಕಳಿಸಿದ್ದು ಅದಲ್ಲ.

ಆ ರಾತ್ರಿ ಕಾರ್ಕಳಕ್ಕೆ ಫೋನ್ ಮಾಡಿದಾಗ ಅಮ್ಮನ ಹತ್ತಿರ ಇದನ್ನೇ ಹೇಳುತ್ತಿದ್ದೆ. ಪಕ್ಕದ ಮನೆಯ ಬಾಯಮ್ಮ ಅಲ್ಲೇ ಕೂತಿದ್ದರು. ಫೋನ್ ಕಸಿದುಕೊಂಡರು. "ಅಲ್ಲ ಮಾರಾಯ್ತಿ, ಅತ್ತೂರು ಚರ್ಚಿನ ಸಾಂತ್‌ಮಾರಿ ಜಾತ್ರೆಗೆ ವರ್ಷವೂ ನಮ್ಮೊಟ್ಟಿಗೆ ಬರ್ತಿದ್ದವಳು ನೀನು, ಇಷ್ಟೂ ಗೊತ್ತಿಲ್ವಾ? ಒಂದೇ ಸಲಕ್ಕೆ ಯಾರೂ ಸಂತ ಆಗುದಿಲ್ಲ, ಮೊದಲು ‘ಬ್ಲೆಸ್ಡ್’ ಅಂತ ಸಾರ್ತಾರೆ, ಸಂತ ಆಗುದು ಆಮೇಲೆ. ಮುಡಿಪುವಿನ ಜೋಸೆಫ್ ವಾಝ್ ನೆನಪಿಲ್ವಾ? ನೀನು ಸಣ್ಣವಳಿರುವಾಗ ಅವರು ಬ್ಲೆಸ್ಡ್, ಈಗ ಸಂತ!"

ಸರಿ ಅಲ್ವಾ! ಗೋವಾದಿಂದ ಬಂದು 1680ರ ದಶಕದಲ್ಲಿ ಕೆನರಾದಲ್ಲಿ ಸೇವೆ ಮಾಡಿ, ಆಮೇಲೆ ಶ್ರೀಲಂಕಾಕ್ಕೆ ಹೋದ ಪಾದ್ರಿ ಅವರು. 1995ರಲ್ಲಿ ಕೊಲಂಬೊದಲ್ಲಿ ‘ಬ್ಲೆಸ್ಡ್’ ಅಂತ ಸಾರಿದರು, 2015ರಲ್ಲಿ ಅದೇ ಊರಿನಲ್ಲಿ ‘ಸಂತ’ ಅಂತ. ನಡುವೆ ಇಪ್ಪತ್ತು ವರ್ಷ. ಮಾರ್ಟಿನ್ ಕಾದಿದ್ದು ಇನ್ನೂ ಜಾಸ್ತಿ. 1837ರಲ್ಲಿ ಬ್ಲೆಸ್ಡ್ ಆದ ಅವನು ಸಂತ ಆಗಿದ್ದು 1962ರ ಮೇ 6ರಂದು, ಪೋಪ್ 23ನೇ ಜಾನ್ ಕಾಲದಲ್ಲಿ. ನೂರಾ ಇಪ್ಪತ್ತೈದು ವರ್ಷ! ಅಂದರೆ 1942ರ ಪುಸ್ತಕದಲ್ಲಿ ‘ಬ್ಲೆಸ್ಡ್’ ಅಂತಲೇ ಇರಬೇಕು. ಹೊದಿಕೆ ಹರಿದು, ಮೊದಲ ಹಾಳೆ ಕಿತ್ತುಹೋಗಿದ್ದರೂ ಈ ಒಂದು ಪದ ಸಿಕ್ಕಿದರೆ ಪುಸ್ತಕ ಬರೆದ ಕಾಲವನ್ನು ಅಂದಾಜು ಮಾಡಬಹುದು. ನಾನು ಅಳಿಸಿದ್ದು ಆ ಗುರುತನ್ನೇ. ಅಮೆರಿಕದ ಮೂಲನಿವಾಸಿಗಳಾದ ಮೋಹಾಕ್ ಜನಾಂಗದ ಕಟೇರಿ ಟೆಕಕ್ವಿತಾ ಕಥೆಯೂ ಹೀಗೇ. ಆಕೆ 1980ರಲ್ಲಿ ಬ್ಲೆಸ್ಡ್, 2012ರಲ್ಲಿ ಸಂತಳು. ಹಾಗಾಗಿ 1950ರ ದಶಕದ ಪುಸ್ತಕದಲ್ಲಿ ಈ ಎರಡು ಪದವೂ ಆಕೆಯ ಹೆಸರಿನ ಮುಂದೆ ಇರುವುದಿಲ್ಲ.

ಅಂದಿನಿಂದ ಸ್ಕ್ಯಾನರ್ ಪಕ್ಕಕ್ಕಿಟ್ಟು ಮೊದಲು ಶೀರ್ಷಿಕೆ ಪುಟದ ಹಿಂದಿನ ಪುಟ ನೋಡುತ್ತೇನೆ. ಇಂಥ ಪುಸ್ತಕಗಳಲ್ಲಿ ಅದು ಖಜಾನೆ. ‘ನಿಹಿಲ್ ಓಬ್‌ಸ್ಟಾಟ್’ ಅಂತ ಲ್ಯಾಟಿನ್‌ನಲ್ಲಿ ಇರುತ್ತದೆ, ಅಂದರೆ ಅಡ್ಡಿ ಏನೂ ಇಲ್ಲ. ಕೆಳಗೆ ‘ಇಂಪ್ರಿಮಾಟೂರ್’, ಅಚ್ಚಾಗಲಿ ಅಂತ ಬಿಷಪ್ ಕೊಟ್ಟ ಅನುಮತಿ. ಬಿಷಪ್ ಹೆಸರಿರುತ್ತದೆ, ಎಷ್ಟೋ ಸಲ ತಾರೀಕೂ ಇರುತ್ತದೆ. ಪ್ರಕಾಶಕರು ವರ್ಷ ಹಾಕುವುದನ್ನು ಮರೆತರೂ ಬಿಷಪ್ ಕಚೇರಿ ಮರೆತಿರುವುದಿಲ್ಲ!

ಲಿಸ್ಟಿಂಗ್‌ನಲ್ಲಿ ಸಂತರ ಹಬ್ಬದ ದಿನ ಬರೆಯುವಾಗಲೂ ಒಮ್ಮೆ ಎಡವಿದೆ. ಹಳೇ ಪುಸ್ತಕ ನೋಡಿ ಸಂತ ಡೊಮಿನಿಕ್ ಹಬ್ಬ ಆಗಸ್ಟ್ 4 ಅಂತ ಬರೆದೆ. 1969ರಲ್ಲಿ ಚರ್ಚಿನ ಕ್ಯಾಲೆಂಡರ್ ಬದಲಾದಾಗ ಅದು ಆಗಸ್ಟ್ 8ಕ್ಕೆ ಹೋಗಿ, ಆಗಸ್ಟ್ 4 ಸಂತ ಜಾನ್ ವಿಯಾನಿಗೆ ಸಿಕ್ಕಿತ್ತು. ಹಳೇ ಕ್ಯಾಲೆಂಡರನ್ನೇ ಪಾಲಿಸುವ ಕುಟುಂಬಗಳು ಈಗಲೂ ಇವೆ ಅನ್ನಿ. ನಾನು ಮಾತ್ರ ಈಗ ಹಬ್ಬದ ದಿನ ಬರೆಯುವುದನ್ನೇ ಬಿಟ್ಟಿದ್ದೇನೆ.

ಪುಸ್ತಕಗಳನ್ನು ಓದುತ್ತೇನಾ ಅಂತ ಕೇಳಿದರೆ, ಹೌದು, ಊಟದ ಹೊತ್ತಿನಲ್ಲಿ. ಕಥೆ ಹೇಳುವುದರಲ್ಲಿ ಇವರು ಗಟ್ಟಿಗರು. ಮೊದಲ ಪುಟದಲ್ಲೇ ಒಂದು ಮಗು ಓಡುತ್ತಿರುತ್ತದೆ, ಯಾರೋ ಕರೆಯುತ್ತಿರುತ್ತಾರೆ. ಉಪದೇಶ ಬರುವಷ್ಟರಲ್ಲಿ ನಾವು ಹತ್ತು ಪುಟ ದಾಟಿರುತ್ತೇವೆ. ಆದರೆ ಅಮೆರಿಕದ ಮೂಲನಿವಾಸಿಗಳ ಬಗ್ಗೆ ಕೆಲವು ಪುಸ್ತಕಗಳಲ್ಲಿ ಬರೆದಿರುವುದನ್ನು ಇವತ್ತು ಮಗುವಿನ ಮುಂದೆ ಜೋರಾಗಿ ಓದಲು ಆಗುವುದಿಲ್ಲ. ಕಾಡುಜನ, ಕ್ರೂರಿಗಳು ಅನ್ನುವ ಧಾಟಿ. ಲಿಸ್ಟಿಂಗ್‌ನಲ್ಲಿ ನಾನು ಅದನ್ನೂ ಒಂದು ಸಾಲಿನಲ್ಲಿ ಹಾಕುತ್ತೇನೆ. ಮಾರಾಟ ಕಡಿಮೆಯಾಗುತ್ತೆ ಅಂತ ಮ್ಯಾನೇಜರ್ ಗೊಣಗಿದರು. ಕಡಿಮೆ ಏನೂ ಆಗಿಲ್ಲ, ಮೊದಲೇ ತಿಳಿಸಿದ್ದಕ್ಕೆ ಥ್ಯಾಂಕ್ಸ್ ಅಂತ ಬರೆದವರೇ ಇದ್ದಾರೆ.

ಮ್ಯಾನೇಜರ್ ಜೊತೆ ಇನ್ನೂ ಮುಗಿಯದ ಜಗಳ ಒಂದಿದೆ. ವಿಷನ್ ಬುಕ್ಸ್‌ನಲ್ಲಿ ಸಂತ ಇಗ್ನೇಷಿಯಸ್ ಕಥೆ ಬರೆದವರು ಆಗಸ್ಟ್ ಡರ್ಲೆತ್. ಇದೇ ಮನುಷ್ಯ 1939ರಲ್ಲಿ ಆರ್ಕಮ್ ಹೌಸ್ ಅನ್ನುವ ಪ್ರಕಾಶನ ಕಟ್ಟಿ, ಎಚ್.ಪಿ. ಲವ್‌ಕ್ರಾಫ್ಟ್ ಅವರ ಭಯಾನಕ ಕಥೆಗಳನ್ನು ಪುಸ್ತಕವಾಗಿ ತಂದವರು! ದೆವ್ವದ ಕಥೆ ಸಂಗ್ರಹಿಸುವವರೂ ಈ ಸಂತನ ಪುಸ್ತಕ ಹುಡುಕುತ್ತಾರೆ. ಅದನ್ನು ಧರ್ಮದ ಕಪಾಟಿಗೆ ಹಾಕು ಅಂತ ಅವರು, ಸಂಗ್ರಾಹಕರ ಕಪಾಟಿಗೆ ಅಂತ ನಾನು. ಮೂರು ವಾರದಿಂದ ಪುಸ್ತಕ ನನ್ನ ಮೇಜಿನ ಮೇಲೇ ಇದೆ.