ಸ್ಕ್ರೀನ್ ಮೇಲೆ ಎರಡು ಪೀಕ್ ಕಂಡ ದಿನ

ಎಂ.ಎಸ್ಸಿ ಪ್ರಾಜೆಕ್ಟಿಗೆ ನಂಗೆ ಸಿಕ್ಕಿದ್ದು ಬೆಂಜೋಕ್ವಿನೋನ್. ಹಳದಿ ಪುಡಿ, ಡಬ್ಬಿ ಮುಚ್ಚಳ ತೆಗೆದ್ರೆ ಸಾಕು ಮೂಗಿಗೆ ಹೊಡೆಯೋ ಘಾಟು, ಬೆರಳಿಗೆ ತಾಗಿದ್ರೆ ಕಂದು ಕಲೆ ಎಷ್ಟು ತೊಳೆದ್ರೂ ಹೋಗಲ್ಲ. ಅದನ್ನ ನೀರಲ್ಲಿ ಕರಗಿಸಿ ಸೈಕ್ಲಿಕ್ ವೋಲ್ಟಮೆಟ್ರಿ ಮಾಡ್ಬೇಕಿತ್ತು, ಅಂದ್ರೆ ವೋಲ್ಟೇಜ್ ಇಳಿಸ್ತಾ ಏರಿಸ್ತಾ ಎಲ್ಲಿ ಎಷ್ಟು ಕರೆಂಟ್ ಹರಿಯುತ್ತೆ ಅಂತ ನೋಡೋದು. ಕ್ವಿನೋನ್ ಎಲೆಕ್ಟ್ರಾನ್ ತಗೊಳ್ಳೋ ಕಡೆ ಕರೆಂಟ್ ಏರಿ ಸ್ಕ್ರೀನ್ ಮೇಲೆ ಒಂದು ಪೀಕ್ ಏಳುತ್ತೆ.

ಅವತ್ತು 1 ಮಿಲಿಮೋಲಾರ್ ಕ್ವಿನೋನ್, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್, ಅಷ್ಟೇ ಹಾಕಿದ್ದು. ನೈಟ್ರೋಜನ್ ಹಾಯಿಸಿ ನೀರಲ್ಲಿದ್ದ ಆಕ್ಸಿಜನ್‌ನ ಹೊರಗೆ ಓಡಿಸಿದ್ದೆ, ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡನ್ನ ಅಲ್ಯುಮಿನಾ ಪುಡಿ ಮೇಲೆ ಎಂಟರ ಆಕಾರದಲ್ಲಿ ಉಜ್ಜಿ ಉಜ್ಜಿ ಕನ್ನಡಿ ಥರ ಮಾಡಿದ್ದೆ, ಆದ್ರೂ ಪೀಕ್ ಎಲ್ಲೋ ನೆಗೆಟಿವ್ ಕಡೆ ಹೋಗಿ ಕೂತಿತ್ತು. ಪ್ರೋಟಾನ್ ಬೇಕಲ್ವಾ ಅಂತ ಡೈಲ್ಯೂಟ್ ಆಸಿಡ್ ಎರಡೇ ಹನಿ ಬಿಟ್ಟೆ. ಎರಡು ಪೀಕ್ ಬಂತು! ನೀರಿನ ಬದಲು ಅಸಿಟೋನೈಟ್ರೈಲ್ ಅನ್ನೋ ದ್ರಾವಕದಲ್ಲಿ ಹೀಗೆ ಎಲೆಕ್ಟ್ರಾನ್ ಒಂದೊಂದಾಗಿ ಸೇರುತ್ತೆ, ಮಧ್ಯೆ ಒಂದೇ ಎಲೆಕ್ಟ್ರಾನ್ ಸೇರಿದ ಸೆಮಿಕ್ವಿನೋನ್ ಇರುತ್ತೆ ಅಂತ ಓದಿದ್ದೆ, ಅದೇ ನೀರಲ್ಲೂ ಕಾಣ್ತಿದೆ ಅಂತ ಖುಷಿಯಲ್ಲಿ ಗೈಡ್ ಮೇಡಂನ ಕರ್ಕೊಂಡು ಬಂದೆ.

ಮೇಡಂ ಒಂದು ನಿಮಿಷ ನೋಡಿ ಕೇಳಿದ್ದು ಒಂದೇ: "ಬಫರ್ ಯಾವ್ದು ಹಾಕಿದೀಯಮ್ಮ?"

ಬಫರ್ ಅಂದ್ರೆ ಪ್ರೋಟಾನ್ ಖರ್ಚಾದ್ರೂ ಪೂರೈಸ್ತಾ ಪಿಎಚ್ ಅಲುಗಾಡದಂತೆ ಹಿಡಿದಿಡೋ ದ್ರಾವಣ. ಹಾಕಿರ್ಲಿಲ್ಲ. ಪೇಪರ್ ಎಳ್ಕೊಂಡು ಅಲ್ಲೇ ಲೆಕ್ಕ ಹಾಕಿಸಿದ್ರು. ಒಂದು ಕ್ವಿನೋನ್ ಹೈಡ್ರೋಕ್ವಿನೋನ್ ಆಗೋಕೆ ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಬೇಕು, ಅಂದ್ರೆ 1 ಮಿಲಿಮೋಲಾರ್‌ಗೆ 2 ಮಿಲಿಮೋಲಾರ್ ಪ್ರೋಟಾನ್, ಪಿಎಚ್ 7ರ ನೀರಲ್ಲಿ ಇರೋದು ಅದರಲ್ಲಿ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು! ನಾನು ಹಾಕಿದ ಎರಡು ಹನಿ ಇದ್ದಷ್ಟು ಹೊತ್ತು ಮೊದಲ ಪೀಕ್, ಎಲೆಕ್ಟ್ರೋಡ್ ಹತ್ರ ಪ್ರೋಟಾನ್ ಖಾಲಿ ಆದ್ಮೇಲೆ ಉಳಿದ ಕ್ವಿನೋನ್‌ದು ಎರಡನೇದು. ಸೆಮಿಕ್ವಿನೋನ್ ಅಂತ ನಾನಂದ್ಕೊಂಡಿದ್ದು ಬರೀ ಪ್ರೋಟಾನ್ ಬರ.

ಪಿಎಚ್ 7ರ ಫಾಸ್ಫೇಟ್ ಬಫರ್ ಹಾಕಿ ಮತ್ತೆ ಸ್ಕ್ಯಾನ್ ಮಾಡಿದ್ರೆ ಎರಡೂ ಸೇರಿ ಒಂದೇ ಆಯ್ತು, ಹೋಗೋ ಪೀಕು ಬರೋ ಪೀಕು ಎರಡರ ನಡುಮಧ್ಯ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಲೆಕ್ಕದಲ್ಲಿ ಸುಮಾರು 0.09 ವೋಲ್ಟ್. ಪಿಎಚ್ 6ರದ್ದು ಹಾಕಿದ್ರೆ ಪಾಸಿಟಿವ್ ಕಡೆ ಹತ್ತಿರ ಹತ್ತಿರ 0.06 ವೋಲ್ಟ್ ಸರೀತು. 1921ರಲ್ಲೇ ಬಿಲ್‌ಮನ್ ಅನ್ನೋರು ಇದೇ ಗುಣ ಹಿಡ್ಕೊಂಡು ಕ್ವಿನ್‌ಹೈಡ್ರೋನ್ (ಕ್ವಿನೋನ್, ಹೈಡ್ರೋಕ್ವಿನೋನ್ ಸಮಸಮ ಸೇರಿದ್ದು) ಎಲೆಕ್ಟ್ರೋಡಲ್ಲಿ ಪಿಎಚ್ ಅಳೆದಿದ್ರು ಅಂತ ಪುಸ್ತಕದಲ್ಲಿ ಓದಿದ್ದೆ, ಅದು ಕಣ್ಣಿಗೆ ಕಂಡಿದ್ದು ಅವತ್ತೇ.

ಸಂಜೆ ಮನೇಲಿ ಅಮ್ಮ ಬಾಳೆದಿಂಡು ಹೆಚ್ಚಿ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕ್ತಿದ್ರು. ಹೊರಗೆ ಬಿದ್ದ ಒಂದು ಬಿಲ್ಲೆ ನಾನು ನೋಡ್ತಿದ್ದಂಗೇ ಅಂಚಿಂದ ಕಂದು ತಿರುಗ್ತಾ ಬಂತು. ಅದೂ ಕ್ವಿನೋನೇ, ದಿಂಡಿನ ಫೀನಾಲ್‌ಗಳನ್ನ ಅದರದೇ ಎಂಜೈಮು ಗಾಳಿ ತಗೊಂಡು ಕ್ವಿನೋನ್ ಮಾಡುತ್ತೆ, ಆಮೇಲೆ ಅವು ಒಂದಕ್ಕೊಂದು ಅಂಟ್ಕೊಂಡು ಬಣ್ಣ ಬರುತ್ತೆ, ಹುಳಿ ಇದ್ರೆ ಆ ಎಂಜೈಮ್ ಕೆಲಸ ನಿಧಾನ ಆಗುತ್ತೆ. ಇದನ್ನೆಲ್ಲ ಅಮ್ಮನಿಗೆ ಉಸಿರು ಬಿಡದೆ ಹೇಳಿದೆ. ಕೈ ನಿಲ್ಲಿಸದೇ ಕೇಳಿ, "ಹೂಂ, ಅದಕ್ಕೇ ಮಜ್ಜಿಗೆ ಚೆನ್ನಾಗಿ ಹುಳಿ ಬಂದಿರ್ಬೇಕು, ಇವತ್ತಿಂದು ಇನ್ನೂ ಸಿಹಿ ಇದೆ ನೋಡು" ಅಂತ ಪಾತ್ರೆ ನನ್ನ ಕಡೆ ವಾಲಿಸಿದ್ರು.