ತಪ್ಪು ತಿಳ್ಕೋಬೇಡಿ

ಶನಿವಾರ ಸಂಜೆ ಜರ್ಮನಿಯ ಮೈಂಟ್ಸ್‌ನಲ್ಲಿ ರೈನ್ ನದಿಯ ದಡದಲ್ಲಿ ಸುಮ್ನೆ ಅಡ್ಡಾಡುತ್ತಿದ್ದೆ. ರಬ್ಬರ್ ಬೂಟು ಹಾಕಿದ ಹುಡುಗಿಯೊಬ್ಬಳು ನೀರಿನಿಂದ ಕಲ್ಲು ಎತ್ತಿ ಬಿಳಿ ಟ್ರೇಯಲ್ಲಿ ತೊಳೆಯುತ್ತಿದ್ದಳು. ಕಾಲೇಜಿನ ಕೆಲಸವಂತೆ. ಬಗ್ಗಿ ನೋಡಿದೆ. ಕಲ್ಲಿನ ಮೇಲೆಲ್ಲ ಕೆಸರಿನ ಪುಟ್ಟ ಕೊಳವೆಗಳು. ಒಂದರೊಳಗಿಂದ ಹುಳ ಇಣುಕಿತು. ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ, ತಲೆಯ ಹತ್ತಿರ ಎಳೆ ಎಳೆ ಕಿವಿರು.

"ಹೈಪಾನಿಯಾ. ಇದು ಇಲ್ಲಿಯದಲ್ಲ, ಹೊರಗಿಂದ ಬಂದು ಸೇರಿಕೊಂಡಿದ್ದು" ಎಂದಳು. ತಲೆ ಎತ್ತಿ ನನ್ನ ಮುಖ ನೋಡಿದಳು. ಕೆನ್ನೆ ಕೆಂಪಾಯಿತು. "ತಪ್ಪು ತಿಳ್ಕೋಬೇಡಿ, ಹುಳದ ವಿಷಯ ಹೇಳಿದ್ದು."

ಅಲ್ಲಿಯವರೆಗೆ ನನಗೆ ಹಾಗೆ ಹೊಳೆದೇ ಇರಲಿಲ್ಲ! ಆಮೇಲೆ ವಾರವಿಡೀ ಅದೇ ಮಾತು ತಲೆಯಲ್ಲಿ. ಒಳ್ಳೆಯ ಹುಡುಗಿ, ಪಾಪ. ನಮ್ಮ ಆಫೀಸಿನಲ್ಲಿ ಒಬ್ಬರಿದ್ದಾರೆ, "ನಿಜವಾಗಿ ಎಲ್ಲಿಯವರು ನೀವು?" ಎಂದು ಮೂರು ಸಲ ಕೇಳಿದ್ದಾರೆ. ಒಮ್ಮೆಯೂ ಕೆಂಪಾಗಿಲ್ಲ.

ಹುಳದ ಕಥೆ ಕೇಳಿ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯದು. ಡ್ಯಾನ್ಯೂಬ್ ನದಿಯ ಕೆಳಭಾಗದಲ್ಲಿ ಹಾಯಾಗಿತ್ತು. ಆ ನದಿಗೂ ರೈನ್‌ಗೂ ನಡುವೆ ದಿಬ್ಬ. ಅದನ್ನು ತೋಡಿ ಎರಡನ್ನೂ ಸೇರಿಸಲು ದೊರೆ ಶಾರ್ಲ್‌ಮೇನ್ 793ರಲ್ಲೇ ಹೊರಟಿದ್ದ. ಕೊನೆಗೆ 1992ರಲ್ಲಿ 171 ಕಿಲೋಮೀಟರ್ ಉದ್ದದ ಕಾಲುವೆ ಪೂರ್ತಿಯಾಯಿತು. ಸಮುದ್ರಮಟ್ಟದಿಂದ 406 ಮೀಟರ್ ಎತ್ತರದವರೆಗೆ ಹತ್ತಿ ಇಳಿಯುತ್ತದೆ. ಹಡಗು ಬಂದವು. ಡ್ಯಾನ್ಯೂಬ್ ನೀರನ್ನೇ ಪಂಪ್ ಮಾಡಿ ಈಚೆಗೆ ಹರಿಸಿದರು. ಮೂರ್ನಾಲ್ಕು ವರ್ಷದಲ್ಲಿ ಹುಳ ರೈನ್‌ನಲ್ಲಿತ್ತು. ಈಗ ಕೆಲವು ಕಡೆ ಒಂದು ಚದರ ಮೀಟರಿಗೆ ಸಾವಿರಾರು. ವೋಲ್ಗಾದ ಜಲಾಶಯಗಳಿಗಂತೂ ಸೋವಿಯತ್ ಕಾಲದಲ್ಲಿ ಮೀನಿಗೆ ಮೇವಾಗಲಿ ಎಂದು ಬೇಕಂತಲೇ ತಂದು ಬಿಟ್ಟಿದ್ದರು. ಇಷ್ಟೆಲ್ಲ ಮಾಡಿ, ಸೇರಿಕೊಂಡಿದ್ದು ಹುಳವಂತೆ!

ಹುಡುಗಿ ಮತ್ತೆ ಸಿಕ್ಕಾಗ ಇದನ್ನೇ ಹೇಳಿದೆ. ಅವಳು ನನ್ನನ್ನು ಸಮಾಧಾನ ಮಾಡಲು ಹೊರಟಳು ಅನಿಸುತ್ತದೆ. "ನಿಮ್ಮ ಕಡೆಯದೂ ಒಂದಿದೆ, ಬ್ರಾಂಕಿಯೂರಾ." 1892ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್‌ನ ತೋಟದಲ್ಲಿ, ದೊಡ್ಡೆಲೆಯ ನೈದಿಲೆ ಬೆಳೆಸಿದ್ದ ಬೆಚ್ಚನೆಯ ತೊಟ್ಟಿಯಲ್ಲಿ ಸಿಕ್ಕಿತಂತೆ. ಏಷ್ಯಾದಿಂದ ಗಿಡಗಳ ಜೊತೆ ಬಂದಿರಬೇಕು. ಇದಕ್ಕೆ ಕಿವಿರು ಬಾಲದಲ್ಲಿ. ತಲೆಯನ್ನು ಕೆಸರಲ್ಲಿ ಹೂತು ಬಾಲ ಆಡಿಸುತ್ತಾ ಉಸಿರಾಡುತ್ತದೆ. ಅದೂ ಈಗ ರೈನ್‌ನಲ್ಲಿದೆ.

"ನಿಮ್ಮೂರಲ್ಲಿ ನೋಡಿರ್ತೀರಲ್ವಾ?" ಎಂದಳು. ಎಷ್ಟು ಆಸೆಯಿಂದ ಕೇಳಿದಳು!

ಊರಿನ ಕೆರೆಯಲ್ಲಿ ಈಜು ಕಲಿತವನು ನಾನು. ಮೊಣಕಾಲವರೆಗೆ ಕೆಸರಲ್ಲಿ ಹೂತು ಚಪ್ಪಲಿ ಕಳೆದುಕೊಂಡಿದ್ದೇನೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಬಾಲ ಆಡಿಸುವ ಹುಳ ಗೊತ್ತಾ ಎಂದೆ.

"ಇರುತ್ತಪ್ಪ ಕೆರೇಲಿ, ನೋಡೋಕೆ ಯಾರು ಹೋದರು? ಊಟ ಆಯ್ತಾ?"