ಹಳೇ ಟ್ರಕ್‌ನ ಎಂಟು ಸ್ಪಾರ್ಕ್ ಪ್ಲಗ್: ಗ್ಯಾರೇಜ್ ದಿನಚರಿ

ಗುರುವಾರ ರಾತ್ರಿ

ಟ್ರಕ್ ಇವತ್ತು ಮತ್ತೆ ನಡುಗಿತು. ಹೈವೇ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಸ್ಟೀರಿಂಗ್‌ವರೆಗೂ ನಡುಕ, ಎದುರಿಗೆ ಇಂಜಿನ್ ದೀಪ ಮಿಣುಕುತ್ತಿತ್ತು. ಆ ದೀಪ ಸುಮ್ನೆ ಉರಿದರೆ ನಾಳೆ ನೋಡಿದರೂ ನಡೆಯುತ್ತದೆ. ಮಿಣುಕಿದರೆ ತಡ ಮಾಡಬಾರದು. ಉರಿಯದೆ ಉಳಿದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೇ ಸುಟ್ಟು ಹಾಕುತ್ತದೆ. ಮೆಲ್ಲಗೆ ಮನೆಗೆ ತಂದು ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ0303. ಮೂರನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಮೊದಲು ಅನುಮಾನ ಬಂದದ್ದು ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಮೇಲೆ. ಮೂರರ ಕಾಯಿಲ್ ಎರಡಕ್ಕೆ, ಎರಡರದ್ದು ಮೂರಕ್ಕೆ ಹಾಕಿ ಒಂದು ಸುತ್ತು ಹೋಗಿ ಬಂದೆ. ಕಾಯಿಲ್ ಕೆಟ್ಟಿದ್ದರೆ ಕೋಡ್ ಪಿ0302 ಆಗಬೇಕಿತ್ತು. ಆಗಲಿಲ್ಲ, ಹಾಗಾದರೆ ಪ್ಲಗ್ಗೇ ಇರಬೇಕು. 1,12,000 ಮೈಲಿ ಓಡಿದ ಗಾಡಿ, ಇನ್ನೂ ಮೊದಲಿನ ಪ್ಲಗ್ಗುಗಳೇ ಇವೆ. ಒಂದು ಲಕ್ಷ ಮೈಲಿಗೇ ಬದಲಾಯಿಸಬೇಕಿತ್ತು. ಮುಂದೆ ಹಾಕುತ್ತಾ ಬಂದದ್ದು ನಾನೇ. ಕಾರಣವೂ ಇದೆ.

ಇದು 2006ರ ಪಿಕಪ್. 5.4 ಲೀಟರ್ ವಿ8, ಸಿಲಿಂಡರಿಗೆ ಮೂರು ವಾಲ್ವ್. ಇದರ ಪ್ಲಗ್ಗುಗಳು ಬಿಚ್ಚುವಾಗ ತುಂಡಾಗುತ್ತವೆ ಅನ್ನೋದು ಟ್ರಕ್ ಇಟ್ಟುಕೊಂಡವರಿಗೆಲ್ಲ ಗೊತ್ತು. ಮಾಮೂಲಿ ಪ್ಲಗ್ಗಿನಲ್ಲಿ ಥ್ರೆಡ್ ಮುಗಿದ ಕೂಡಲೇ ಕಿಡಿ ಹಾರುವ ತುದಿ. ಇದರಲ್ಲಿ ಥ್ರೆಡ್ ಆದ ಮೇಲೆ ಇನ್ನೊಂದು ಇಂಚು ಉದ್ದದ ತೆಳು ಕೊಳವೆ ಇದೆ. ಅದು ಬೇರೆ ತುಂಡು, ಮೇಲಿನ ಭಾಗಕ್ಕೆ ಒತ್ತಿ ಕೂರಿಸಿದ್ದು. ಆ ಕೊಳವೆಗೂ ಸಿಲಿಂಡರುಗಳನ್ನು ಮೇಲಿಂದ ಮುಚ್ಚುವ ಹೆಡ್ಡಿನ ತೂತಿಗೂ ನಡುವೆ ವರ್ಷಗಟ್ಟಲೆ ಇಂಗಾಲ ತುಂಬಿ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ನಾವು ತಿರುಗಿಸಿದರೆ ಮೇಲಿನ ತುಂಡು ತಿರುಗುತ್ತದೆ, ಕೆಳಗಿನದು ಅಲ್ಲಾಡುವುದಿಲ್ಲ. ಕೈಗೆ ಅರ್ಧ ಪ್ಲಗ್, ಹೆಡ್ಡಿನೊಳಗೆ ಅರ್ಧ ಪ್ಲಗ್.

ನವೆಂಬರ್ ಮೊದಲ ಶನಿವಾರ ಇಲ್ಲಿ ಡಲ್ಲಾಸ್ ಕಡೆ ನಮ್ಮ ರಾಜ್ಯೋತ್ಸವ. ವೇದಿಕೆಯ ಸಾಮಾನು ಪ್ರತಿ ವರ್ಷ ಈ ಟ್ರಕ್ಕಿನಲ್ಲೇ ಹೋಗುತ್ತದೆ. ಎರಡು ವಾರ ಇದೆ. ಮಾಡಿಬಿಡೋಣ.

ಶುಕ್ರವಾರ ಸಂಜೆ

ಇಂಜಿನ್ ಪೂರ್ತಿ ತಣ್ಣಗಾಗಲಿ ಅಂತ ಬೆಳಿಗ್ಗೆಯಿಂದ ಮುಟ್ಟಿರಲಿಲ್ಲ. ಹೆಡ್ ಅಲ್ಯೂಮಿನಿಯಂ, ಬಿಸಿ ಇರುವಾಗ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು.

ಬ್ಯಾಟರಿ ತಂತಿ ತೆಗೆದೆ. ಕಾಯಿಲ್‌ಗಳಿಗೆ ತಲಾ ಒಂದು 7 ಎಂಎಂ ಬೋಲ್ಟ್, ಅದು ಸುಲಭ. ಕಷ್ಟ ಇರೋದು ಪ್ಲಾಸ್ಟಿಕ್ ಕನೆಕ್ಟರಿನಲ್ಲಿ. ಹದಿನೆಂಟು ವರ್ಷಕ್ಕೂ ಮೇಲೆ ಶಾಖ ತಿಂದ ಪ್ಲಾಸ್ಟಿಕ್ ಹಪ್ಪಳದ ಹಾಗಿರುತ್ತದೆ. ಎಂಟನೆಯದರ ಕೊಂಡಿ ಮುರಿದೇ ಹೋಯಿತು. ಹೊಸದು ಬರುವವರೆಗೆ ಜಿಪ್ ಟೈ ಕಟ್ಟುತ್ತೇನೆ.

ಪ್ಲಗ್ ಕೂತ ಬಾವಿಗಳಿಗೆ ಮೊದಲು ಗಾಳಿ ಹೊಡೆದೆ. ಈ ಹಂತ ಬಿಡಬೇಡಿ. ಅಲ್ಲಿರುವ ಮರಳು ಸಿಲಿಂಡರಿಗೆ ಬಿದ್ದರೆ ಗೀರು ಬೀಳುತ್ತದೆ. ಆಮೇಲೆ 9/16 ಸಾಕೆಟ್ ಹಾಕಿ ಒಂದೊಂದನ್ನೂ ಎಂಟನೇ ಒಂದು ಸುತ್ತು ಮಾತ್ರ ಸಡಿಲ ಮಾಡಿದೆ. ಅದಕ್ಕಿಂತ ಜಾಸ್ತಿ ಇಲ್ಲ. ಇಂಗಾಲ ಸಡಿಲಿಸುವ ಕಾರ್ಬ್ ಕ್ಲೀನರ್ ಪ್ಲಗ್ಗಿನ ತಲೆ ಮುಳುಗುವಷ್ಟು ಬಿಟ್ಟೆ. ಹದಿನೈದು ನಿಮಿಷ ಸಾಕು ಅಂತಾರೆ. ನಾನು ರಾತ್ರಿಯಿಡೀ ನೆನೆಯಲು ಬಿಡುತ್ತಿದ್ದೇನೆ. ಗ್ಯಾರೇಜ್ ಬಾಗಿಲು ತೆರೆದೇ ಇದೆ, ಆ ವಾಸನೆ ಮನೆಯೊಳಗೆ ಬರಬಾರದು.

ಶನಿವಾರ

ಬೆಳಿಗ್ಗೆ ನೋಡಿದರೆ ಐದು ಬಾವಿಗಳಲ್ಲಿ ಕ್ಲೀನರ್ ಇಳಿದಿತ್ತು. ಇಂಗಾಲದ ನಡುವೆ ದಾರಿ ಮಾಡಿಕೊಂಡಿದೆ ಅಂತ ಅರ್ಥ.

ಒಂದನೆಯದರಿಂದ ಶುರು ಮಾಡಿದೆ. ಕಾಲು ಸುತ್ತು ಬಿಚ್ಚೋದು, ಮತ್ತೆ ಅಷ್ಟೇ ಬಿಗಿ ಮಾಡೋದು. ರ‍್ಯಾಚೆಟ್ ಹಿಡಿದ ಕೈಗೆ ಎಲ್ಲ ಗೊತ್ತಾಗುತ್ತದೆ. ಮೊದಲು ಬಾವಿ ರಾಟೆಯ ಹಾಗೆ ಕಿರ್ ಕಿರ್ ಸದ್ದು. ಸದ್ದು ಕೇಳುವಷ್ಟು ಹೊತ್ತು ಭಯ ಇಲ್ಲ, ಕೊಳವೆ ಜೊತೆಗೇ ತಿರುಗುತ್ತಿದೆ. ಸದ್ದು ನಿಂತು ರಬ್ಬರ್ ಎಳೆದ ಹಾಗೆ ಆದರೆ ಅಲ್ಲೇ ನಿಲ್ಲಿಸಬೇಕು, ಹಿಂದಕ್ಕೆ ತಿರುಗಿಸಿ ಇನ್ನಷ್ಟು ಕ್ಲೀನರ್ ಬಿಡಬೇಕು. ಬ್ಯಾಟರಿ ಇಂಪ್ಯಾಕ್ಟ್ ಗನ್ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ.

ಒಂದನೆಯದಕ್ಕೆ ನಲವತ್ತು ನಿಮಿಷ ಹಿಡಿಯಿತು. ಪೂರ್ತಿಯಾಗಿ ಬಂತು! ಕೊಳವೆಯ ಸುತ್ತ ಕಾಡಿಗೆಯಂಥ ಕಪ್ಪು ಮೆತ್ತಿಕೊಂಡಿತ್ತು. ಎರಡು, ಐದು, ಆರು, ಏಳು ಬಂದವು. ಮೂರನೆಯದೂ ಬಂತು. ಅದರ ತುದಿ ಸವೆದು ಸಂದು ಅಗಲವಾಗಿತ್ತು. ಕಿಡಿ ಹಾರದೆ ಇದ್ದದ್ದು ಅದಕ್ಕೇ.

ಉಳಿದದ್ದು ಹಿಂದಿನ ಮೂಲೆಯ ಎಂಟು ಮತ್ತು ನಾಲ್ಕು. ಎಂಟಕ್ಕೆ ಎರಡು ಎಕ್ಸ್‌ಟೆನ್ಷನ್, ನಡುವೆ ಒಂದು ಯೂನಿವರ್ಸಲ್ ಜಾಯಿಂಟ್ ಹಾಕಿ ಕುರುಡಾಗಿ ಕೈಯಾಡಿಸಿದೆ, ಬಂತು. ನಾಲ್ಕನೆಯದು ಸದ್ದೇ ಮಾಡಲಿಲ್ಲ. ಸಾಕೆಟ್ ತೆಗೆದು ಕೂತುಬಿಟ್ಟೆ.

ರಾತ್ರಿ ಅಪ್ಪನಿಗೆ ವೀಡಿಯೊ ಕಾಲ್ ಮಾಡಿದೆ. ಮೈಸೂರಲ್ಲಿ ಆಗ ಭಾನುವಾರ ಬೆಳಿಗ್ಗೆ. ಪ್ಲಗ್ ಅಂದರೆ ನನಗೆ ಮೊದಲು ನೆನಪಾಗೋದು ಅವರ ಯೆಜ್ಡಿ. ನಮ್ಮೂರಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಆದ ಗಾಡಿ. ಟೂ ಸ್ಟ್ರೋಕ್ ಆದ್ದರಿಂದ ಪ್ಲಗ್ ಬೇಗ ಕಪ್ಪಾಗುತ್ತಿತ್ತು. ಅಪ್ಪ ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಹೆಡ್ಡಿಗೆ ತಾಗಿಸಿ ಇಟ್ಟು ಕಿಕ್ಕರ್ ಒದೆಯುತ್ತಿದ್ದರು. ನೀಲಿ ಕಿಡಿ ಬಂತಾ ಅಂತ ನೋಡೋದು ನನ್ನ ಕೆಲಸ. ಈಗ ಫೋನಿನಲ್ಲಿ ಆ ಬಾವಿ ತೋರಿಸಿದೆ. ನೋಡಿ ಇಷ್ಟೇ ಅಂದರು: "ಇನ್ನೂ ನೆನೆದಿಲ್ಲ ಕಣೋ ಅದು. ಊಟ ಮಾಡಿ ಮಲಗು, ಬೆಳಿಗ್ಗೆ ನೋಡು." ಮತ್ತೆ ಕ್ಲೀನರ್ ತುಂಬಿ ಮಲಗಿದೆ.

ಭಾನುವಾರ

ನಾಲ್ಕನೇ ಪ್ಲಗ್ ತುಂಡಾಯಿತು. ಎರಡು ಸಲ ಚೆನ್ನಾಗಿ ಕಿರುಗುಟ್ಟಿತು, ಮೂರನೇ ಸಲ ಟಕ್ ಅಂತ ಹಗುರಾಯಿತು. ಆ ಹಗುರ ಕೈಗೆ ಬಂದ ಕೂಡಲೇ ಗೊತ್ತಾಯಿತು. ಮೇಲಿನ ಅರ್ಧ ಬಂತು, ಕೊಳವೆ ಒಳಗೇ ಉಳಿಯಿತು.

ಮುರಿದ ತುಂಡು ಎಳೆಯಲೆಂದೇ ಇರುವ ಲೈಲ್ ಕಂಪನಿಯ 65600 ಸೆಟ್ ಮೊದಲೇ ತರಿಸಿಟ್ಟಿದ್ದೆ. ಕೆಲಸಕ್ಕೆ ಕೈ ಹಾಕುವ ಮೊದಲೇ ತರಿಸಿಕೊಳ್ಳಿ, ಭಾನುವಾರ ಬೆಳಿಗ್ಗೆ ಅಂಗಡಿ ಅಂಗಡಿ ಅಲೆಯೋದು ಬೇಡ. ಒಳಗೆ ಉಳಿದ ಪಿಂಗಾಣಿಯನ್ನು ಮೊದಲು ಒಂದು ಕಡ್ಡಿ ಮೆಲ್ಲಗೆ ಕೆಳಕ್ಕೆ ಒತ್ತುತ್ತದೆ. ಜಾಗ ಆದ ಮೇಲೆ ಎಳೆಯುವ ತುಂಡು ಕೊಳವೆಯ ಒಳಗೋಡೆಗೆ ಥ್ರೆಡ್ ಕೊರೆದು ಕಚ್ಚಿಕೊಳ್ಳುತ್ತದೆ. ಕೊನೆಗೆ ಮೇಲಿನ ನಟ್ ಬಿಗಿ ಮಾಡುತ್ತಾ ಹೋದರೆ ಕೊಳವೆ ನೇರವಾಗಿ ಮೇಲೆ ಬರುತ್ತದೆ. ಒತ್ತುವಾಗ ಅವಸರ ಮಾಡಿದರೆ ಪಿಂಗಾಣಿ ಚೂರು ಸಿಲಿಂಡರಿಗೆ ಬೀಳಬಹುದು, ಅಲ್ಲಿಗೇ ಹೆಚ್ಚು ಹೊತ್ತು ಕೊಟ್ಟೆ. ನಟ್ಟಿನ ಹತ್ತನೇ ಸುತ್ತೋ ಹನ್ನೊಂದನೇ ಸುತ್ತೋ, ಕೊಳವೆ ಪುಳಕ್ಕನೆ ಬಿಟ್ಟುಕೊಂಡಿತು. ತುದಿಯ ಕೊಕ್ಕೆ ಸಮೇತ ಎಲ್ಲ ಬಂದಿದೆಯಾ ಅಂತ ಬಿಳಿ ಬಟ್ಟೆಯ ಮೇಲಿಟ್ಟು ನೋಡಿದೆ. ಬಂದಿತ್ತು. ಆದರೂ ವ್ಯಾಕ್ಯೂಮಿಗೆ ತೆಳು ಪೈಪ್ ಸಿಕ್ಕಿಸಿ ಸಿಲಿಂಡರಿನೊಳಗೆ ಒಮ್ಮೆ ಎಳೆದೆ. ಅದಕ್ಕೂ ಮೊದಲು ಆ ಸಿಲಿಂಡರಿನ ಕ್ಲೀನರ್ ಪೂರ್ತಿ ಆರಲು ಬಿಟ್ಟಿದ್ದೆ, ಬೆಂಕಿ ಹತ್ತುವ ದ್ರವ ವ್ಯಾಕ್ಯೂಮಿಗೆ ಹೋಗಬಾರದು.

ಹೊಸ ಪ್ಲಗ್ ಹಾಕುವ ಮುಂಚೆ ಇನ್ನೊಂದು ಕೆಲಸ ಇದೆ. ಇಳಿದ ಕ್ಲೀನರ್ ಎಲ್ಲಿಗೆ ಹೋಯಿತು? ಪಿಸ್ಟನ್ ಮೇಲೆ. ಹಾಗೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ದ್ರವ ಕುಗ್ಗುವುದಿಲ್ಲ, ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಕಾಯಿಲ್‌ಗಳು ಹೊರಗಿರುವಂತೆಯೇ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಬಾವಿಗಳ ಮೇಲೆ ಬಟ್ಟೆ ಹಾಸಿ, ಬ್ಯಾಟರಿ ಜೋಡಿಸಿ ನಾಲ್ಕು ಸಲ ಕ್ರ್ಯಾಂಕ್ ಮಾಡಿದೆ. ಬಟ್ಟೆ ತೊಯ್ದು ಹೋಯಿತು.

ಹೊಸದು ಒಂದೇ ತುಂಡಿನ ಪ್ಲಗ್. ಕೆಳಗಿನ ಕೊಳವೆಗೆ, ಮತ್ತೆ ಕಚ್ಚಿಕೊಳ್ಳದಿರಲಿ ಅಂತ, ನಿಕಲ್ ಆಂಟಿ ಸೀಜ್ ಪೇಸ್ಟ್ ತೆಳ್ಳಗೆ ಸವರಿದೆ. ಥ್ರೆಡ್ಡಿಗೆ ಹಚ್ಚಲಿಲ್ಲ, ಕಿಡಿ ಹಾರುವ ತುದಿಗೆ ತಾಗಿಸಲಿಲ್ಲ. ಬೆರಳಲ್ಲೇ ಕೂರಿಸಿ, ಕೊನೆಗೆ ಟಾರ್ಕ್ ವ್ರೆಂಚಿನಲ್ಲಿ 25 ಫುಟ್-ಪೌಂಡ್, ಅಂದರೆ 34 ನ್ಯೂಟನ್ ಮೀಟರ್. ಕಾಯಿಲಿನ ರಬ್ಬರ್ ಬೂಟಿನೊಳಗೆ ಕರೆಂಟ್ ಸೋರದಂತೆ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್.

ಕೀಲಿ ತಿರುಗಿಸಿದೆ. ಎರಡು ಸೆಕೆಂಡ್ ಬಿಳಿ ಹೊಗೆ, ಉಳಿದ ಕ್ಲೀನರ್ ಉರಿದದ್ದು. ಆಮೇಲೆ ಎಂಟೂ ಒಂದೇ ಲಯ. ಬಾನೆಟ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ. ತುಂಬಾ ದಿನವಾಗಿತ್ತು ಇದು ಹೀಗೆ ಓಡಿ.

ಬುಧವಾರ

ನೂರಾ ಇಪ್ಪತ್ತು ಮೈಲಿ ಆಯಿತು. ಕೋಡ್ ಬಂದಿಲ್ಲ. ಎಂಟನೆಯದರ ಹೊಸ ಕನೆಕ್ಟರ್ ಇವತ್ತು ಬಂತು, ಜಿಪ್ ಟೈ ಕತ್ತರಿಸಿ ಹಾಕಿದೆ. ಮುರಿದ ಪ್ಲಗ್ಗಿನ ಎರಡೂ ತುಂಡಿನ ಫೋಟೋ ಅಪ್ಪನಿಗೆ ಕಳಿಸಿದ್ದೇನೆ. ಶನಿವಾರ ಬೆಳಿಗ್ಗೆ ಏಳಕ್ಕೆ ವೇದಿಕೆಯ ಹಲಗೆಗಳನ್ನು ತರಲು ಹೋಗಬೇಕು.